ತೊಗರಿ ಝಾಡಿಸುವುದು: ಹಿರಿಯರ ಪದ್ಧತಿಯೂ ಕೀಟಶಾಸ್ತ್ರವೂ

ಭೀಮಾ ತೀರದ ಎರೆ ಭೂಮಿಯಲ್ಲಿ ತೊಗರಿ ಬೆಳೆಯುವ ರೈತ ಬಾಂಧವರಿಗೆ ಕಾಯಿಕೊರಕ ಕೀಡಿಯ ಪರಿಚಯ ಮಾಡಿಕೊಡುವ ಅವಶ್ಯಕತೆಯಿಲ್ಲ. ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಚೌಡಾಪುರದ ಸುತ್ತಿನ ಹಳ್ಳಿಗಳಿರಲಿ, ಅತ್ತ ಆಳಂದ, ಇತ್ತ ಜೇವರ್ಗಿ ತಾಲ್ಲೂಕುಗಳಿರಲಿ, ಸೀಗಿ ಹುಣ್ಣಿಮೆ ದಾಟಿ ತೊಗರಿ ಮೊಗ್ಗೊಡೆಯುವ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ಕೀಡಿ ಬಿದ್ದಿತೋ ಇಲ್ಲವೋ? ಹೂವಿನಿಂದ ಹಳದಿಯಾಗಿ ನಿಂತ ಹೊಲ ಹತ್ತು ಹದಿನೈದು ದಿನಗಳಲ್ಲಿ ಬರೀ ಕಡ್ಡಿಯಾಗುವುದನ್ನು ಕಂಡ ರೈತನಿಗೆ ಈ ಪ್ರಶ್ನೆಯ ತೂಕ ಎಷ್ಟೆಂಬುದು ಗೊತ್ತು.

ಈ ಕೀಡಿಯನ್ನು ಹತೋಟಿಯಲ್ಲಿಡಲು ನಮ್ಮ ಭಾಗದ ಹಿರಿಯರು ಅನುಸರಿಸುತ್ತಿದ್ದ ಒಂದು ಸರಳ ಪದ್ಧತಿಯಿದೆ. ಗಿಡದ ಕೆಳಗೆ ಕಂಬಳಿಯನ್ನೋ ಹಳೆಯ ಸೀರೆಯನ್ನೋ ಹಾಸಿ, ಗಿಡವನ್ನು ಕೈಯಿಂದ ಮೆಲ್ಲಗೆ ಅಲುಗಾಡಿಸಿ, ಉದುರಿದ ಕೀಡಿಗಳನ್ನು ಕೂಡಿಸಿ ನಾಶಪಡಿಸುವುದೇ ಆ ಪದ್ಧತಿ. ಇದಕ್ಕೆ ಜನ ಝಾಡಿಸುವುದು ಎನ್ನುತ್ತಾರೆ. ಪುಡಿ ಔಷಧಿ, ನೀರಿನ ಔಷಧಿಗಳು ಅಂಗಡಿಗೆ ಬಂದ ಮೇಲೆ ಇದು ಹಿಂದೆ ಸರಿಯಿತು. ಔಷಧಿ ಕೊಳ್ಳಲಾರದ ಬಡವರ ಕೆಲಸ ಇದೆಂದು ಕೆಲವರು ನಗೆಯಾಡಿದ್ದೂ ಉಂಟು. ಆದರೆ ಈ ಪದ್ಧತಿಯನ್ನು ಕೀಟಶಾಸ್ತ್ರದ ಒರೆಗೆ ಹಚ್ಚಿ ನೋಡಿದಾಗ ಅದು ನಗುವ ಸಂಗತಿಯಲ್ಲವೆಂಬುದು ಸ್ಪಷ್ಟವಾಗಿದೆ. ಯಾವ ಕಾರಣಕ್ಕೆ ಇದು ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ ಎಂಬುದನ್ನು ಈ ಲೇಖನದಲ್ಲಿ ತಿಳಿದುಕೊಳ್ಳೋಣ.

ಔಷಧಿ ಸೋತ ಬಗೆ

ಹಸಿರು ಕಾಯಿಕೊರಕಕ್ಕೆ ವಿಜ್ಞಾನಿಗಳು ಹೆಲಿಕೋವರ್ಪ ಆರ್ಮಿಜೆರ ಎಂದು ಹೆಸರಿಟ್ಟಿದ್ದಾರೆ. ತೊಗರಿ, ಕಡಲೆ, ಹತ್ತಿ, ಸೂರ್ಯಕಾಂತಿ, ಟೊಮ್ಯಾಟೊ, ಜೋಳದ ತೆನೆ ಎಲ್ಲವೂ ಇದಕ್ಕೆ ಆಹಾರವೇ. ಒಂದು ಬೆಳೆ ಮುಗಿಯುವ ಹೊತ್ತಿಗೆ ಇನ್ನೊಂದು ಬೆಳೆ ಹೂವಾಡುತ್ತಿರುವುದರಿಂದ ಇದು ಹಸಿದಿರುವ ಕಾಲವೇ ಕಡಿಮೆ. 1980ರ ದಶಕದಲ್ಲಿ ಸಂಶ್ಲೇಷಿತ ಪೈರೆಥ್ರಾಯ್ಡ್ ಎಂಬ ಗುಂಪಿನ ಕೀಟನಾಶಕಗಳು ಬಂದಾಗ ಮೊದಲ ಎರಡು ಮೂರು ವರ್ಷ ಅದ್ಭುತ ಫಲ ಕೊಟ್ಟವು. ಆದರೆ 1987ರ ಸುಮಾರಿಗೆ ಆಂಧ್ರದ ಕರಾವಳಿ ಜಿಲ್ಲೆಗಳ ಹತ್ತಿ ಹೊಲಗಳಲ್ಲಿ ಎಷ್ಟು ಹೊಡೆದರೂ ಕೀಡಿ ಸಾಯದಾಯಿತು. ಕೀಟವು ಆ ಔಷಧಿಗಳನ್ನು ತಡೆದುಕೊಳ್ಳುವ ಶಕ್ತಿ ಗಳಿಸಿಕೊಂಡಿತ್ತು. 1997-98ರ ಹಂಗಾಮಿನಲ್ಲಿ ಕಲಬುರಗಿ ಮತ್ತು ಬೀದರ ಜಿಲ್ಲೆಗಳ ತೊಗರಿಗೆ ಈ ಪೀಡೆಯ ದೊಡ್ಡ ಹಾವಳಿ ಬಂದಿತು. ಸಾಲ ಮಾಡಿ ಔಷಧಿ ತಂದು ಹೊಡೆದ ಹೊಲವೂ ಹೊಡೆಯದ ಹೊಲವೂ ಒಂದೇ ಆದ ವರ್ಷವದು. ಬೆಳೆಯೂ ಹೋಗಿ ಅಂಗಡಿಯ ಬಾಕಿಯೂ ಉಳಿದ ಮನೆಗಳಲ್ಲಿ ಏನಾಯಿತೆಂಬುದನ್ನು ಆ ಕಾಲದ ಹಿರಿಯರು ಇನ್ನೂ ಮರೆತಿಲ್ಲ.

ಇದೇ ಸಮಯದಲ್ಲಿ ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನಲ್ಲಿರುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ, ಅಂದರೆ ಇಕ್ರಿಸ್ಯಾಟ್, ಹಾಗೂ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಳ್ಳಿಗಳಲ್ಲಿ ಉಳಿದುಕೊಂಡಿದ್ದ ಝಾಡಿಸುವ ಪದ್ಧತಿಯತ್ತ ಗಮನ ಹರಿಸಿದರು. ಇಕ್ರಿಸ್ಯಾಟ್ ಕ್ಷೇತ್ರದಲ್ಲಿ ಇದನ್ನು ಪರೀಕ್ಷಿಸಿದಾಗ ಗಿಡದ ಮೇಲಿನ ಕೀಡಿಗಳ ಪೈಕಿ ನೂರಕ್ಕೆ ಸುಮಾರು 85ರಷ್ಟು ಕಡಿಮೆಯಾದುದು ಕಂಡುಬಂದಿತು. ಒಂದು ಹೆಕ್ಟೇರಿಗೆ ಸುಮಾರು 7 ಆಳು ಸಾಕಾದವು. ಒಂದು ಎಕರೆಗೆ ಮೂರು ಆಳು ಎಂದು ಲೆಕ್ಕ ಹಿಡಿದರೆ ತಪ್ಪಾಗದು. ಆ ಮೇಲೆ ಈ ಪದ್ಧತಿ ದಕ್ಷಿಣದ ತೊಗರಿ ಪ್ರದೇಶಗಳಿಗೆಲ್ಲ ಶಿಫಾರಸಾಗಿ ಹೋಯಿತು. ಇಲ್ಲಿಯ ಮುದುಕಿಯರು ಮಾಡುತ್ತಿದ್ದ ಕೆಲಸ ಪುಸ್ತಕದ ಶಿಫಾರಸಾಗಿ ಮರಳಿ ಇಲ್ಲಿಗೇ ಬಂದಿತೆಂದರೂ ಸರಿಯೇ.

ಕೀಡಿ ಏಕೆ ಉದುರುತ್ತದೆ?

ಈ ಕೀಟದ ಹೆಣ್ಣು ಪತಂಗವು ರಾತ್ರಿಯ ವೇಳೆ ಮೊಗ್ಗು, ಹೂವು, ಎಳೆಯ ಕುಡಿಗಳ ಮೇಲೆ ಒಂದೊಂದಾಗಿ ಮೊಟ್ಟೆಯಿಡುತ್ತದೆ. ಒಂದು ಪತಂಗ ತನ್ನ ಅಲ್ಪ ಆಯುಷ್ಯದಲ್ಲಿ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಮೇಲ್ಪಟ್ಟು ಮೊಟ್ಟೆಗಳನ್ನಿಡಬಲ್ಲದು. ಮೂರರಿಂದ ಐದು ದಿನಗಳಲ್ಲಿ ಮೊಟ್ಟೆಯೊಡೆದು ಬರುವ ಮರಿ ಕೀಡಿ ಮೊಗ್ಗು ಹೂಗಳನ್ನು ಕೆರೆದು ತಿನ್ನುತ್ತದೆ. ಎರಡು ಮೂರು ವಾರಗಳಲ್ಲಿ ಐದಾರು ಸಲ ಪೊರೆ ಕಳಚಿ ಬೆರಳುದ್ದವಾಗುತ್ತದೆ. ದೊಡ್ಡ ಕೀಡಿ ಕಾಯಿಗೆ ತೂತು ಕೊರೆದು ತಲೆಯನ್ನಷ್ಟೇ ಒಳಗಿಟ್ಟು, ಉಳಿದ ಮೈಯನ್ನು ಹೊರಗೆ ಬಿಟ್ಟು ಕಾಳು ತಿನ್ನುವುದನ್ನು ತಾವು ನೋಡಿಯೇ ಇರುತ್ತೀರಿ. ಬಲಿತ ಮೇಲೆ ತಾನಾಗಿ ಕೆಳಗಿಳಿದು ಮಣ್ಣಿನೊಳಗೆ ಕೋಶಾವಸ್ಥೆಗೆ ಹೋಗುತ್ತದೆ.

ಇಲ್ಲಿ ಎರಡು ಸಂಗತಿಗಳು ಮುಖ್ಯ. ಮೊದಲನೆಯದಾಗಿ, ಈ ಕೀಡಿ ತನ್ನ ಸುತ್ತ ಬಲೆ ಹೆಣೆದುಕೊಳ್ಳುವುದಿಲ್ಲ. ಗಿಡ ಅಲುಗಿದ ಕೂಡಲೇ ಹಿಡಿತ ಬಿಟ್ಟು, ಮೈ ಸುರುಳಿ ಮಾಡಿಕೊಂಡು ನೆಲಕ್ಕೆ ಬೀಳುವುದು ಅದರ ಸ್ವಭಾವ. ಹಕ್ಕಿಯಿಂದ ತಪ್ಪಿಸಿಕೊಳ್ಳಲು ಅದು ಹೂಡುವ ಉಪಾಯವನ್ನೇ ನಮ್ಮ ಹಿರಿಯರು ಅದರ ಮೇಲೆ ತಿರುಗಿಸಿದರು. ಎರಡನೆಯದಾಗಿ, ಕೀಡಿ ತನ್ನ ಜೀವಮಾನದಲ್ಲಿ ತಿನ್ನುವ ಒಟ್ಟು ಆಹಾರದ ಬಹುಪಾಲನ್ನು ಕೊನೆಯ ಎರಡು ಹಂತಗಳಲ್ಲಿಯೇ ತಿನ್ನುತ್ತದೆ. ಅಂದರೆ ನಷ್ಟ ಮಾಡುವುದು ದೊಡ್ಡ ಕೀಡಿ. ಝಾಡಿಸಿದಾಗ ಸುಲಭವಾಗಿ ಉದುರುವುದೂ ದೊಡ್ಡದೇ.

ಇದರ ಜೊತೆಗೆ ಇನ್ನೊಂದನ್ನು ಹೊಂದಿಸಿ ನೋಡಿರಿ. ಸಣ್ಣ ಕೀಡಿ ಬೇವಿನ ಕಷಾಯಕ್ಕೂ ಔಷಧಿಗೂ ಬೇಗ ಬಲಿಯಾಗುತ್ತದೆ. ದೊಡ್ಡದು ಅದೇ ಪ್ರಮಾಣದ ಔಷಧಿಯನ್ನು ಅರಗಿಸಿಕೊಂಡು ಬದುಕುತ್ತದೆ. ಸಿಂಪರಣೆಗೆ ಸಿಗದ ಕೀಡಿ ಕಂಬಳಿಗೆ ಸಿಗುತ್ತದೆ, ಕಂಬಳಿಗೆ ಸಿಗದೆ ಮೊಗ್ಗಿನೊಳಗೆ ಅಡಗಿದ ಮರಿ ಸಿಂಪರಣೆಗೆ ಸಿಗುತ್ತದೆ. ಆದ್ದರಿಂದ ಈ ಎರಡು ಕ್ರಮಗಳನ್ನು ಒಂದಕ್ಕೊಂದು ಪ್ರತಿಸ್ಪರ್ಧಿಗಳೆಂದು ತಿಳಿಯುವುದು ಸರಿಯಲ್ಲ. ಔಷಧಿ ಹೊಡೆಯಲೇಬೇಕೆಂದಿದ್ದರೆ ಮೊದಲು ಝಾಡಿಸಿ, ಅನಂತರ ಹೊಡೆಯುವುದು ಲೇಸು.

ಮಾಡುವ ಕ್ರಮ

ಮೊಗ್ಗು ಕಾಣಿಸಿಕೊಂಡ ದಿನದಿಂದ ವಾರಕ್ಕೆ ಎರಡು ಸಲ ಹೊಲದಲ್ಲಿ ಅಡ್ಡಾಡಿ, ಅಲ್ಲಲ್ಲಿ ಇಪ್ಪತ್ತು ಇಪ್ಪತ್ತೈದು ಗಿಡಗಳನ್ನು ಪರೀಕ್ಷಿಸತಕ್ಕದ್ದು. ಗಿಡವೊಂದಕ್ಕೆ ಎರಡು ಮೊಟ್ಟೆ ಅಥವಾ ಒಂದು ಕೀಡಿ ಸರಾಸರಿ ಕಂಡಿತೆಂದರೆ ಹತೋಟಿ ಕ್ರಮ ಕೈಗೊಳ್ಳುವ ಸಮಯ ಬಂದಿತೆಂದು ತಿಳಿಯಬೇಕು. ಬದುವಿನ ಮೇಲೆ ನಿಂತು ನೋಡಿದರೆ ಇದು ತಿಳಿಯುವುದಿಲ್ಲ.

ಝಾಡಿಸಲು ಮೂವರ ಒಂದು ತಂಡ ಅನುಕೂಲ. ಇಬ್ಬರು ತಾಡಪತ್ರಿಯನ್ನಾಗಲಿ, ಖಾಲಿ ಗೊಬ್ಬರದ ಚೀಲಗಳನ್ನು ಹೊಲಿದು ಮಾಡಿದ ಹಾಸನ್ನಾಗಲಿ ಸಾಲಿನ ನಡುವೆ ಎಳೆದುಕೊಂಡು ಹೋಗಬೇಕು, ಒಬ್ಬರು ಗಿಡವನ್ನು ಹಾಸಿನ ಮೇಲಕ್ಕೆ ಬಾಗಿಸಿ ಮೆಲ್ಲಗೆ ಅಲುಗಾಡಿಸಬೇಕು. ಹಾಸು ನುಣುಪಾಗಿದ್ದರೆ ಒಳ್ಳೆಯದು, ಬಿದ್ದ ಕೀಡಿ ಹತ್ತಿ ಪಾರಾಗುವುದು ಕಷ್ಟವಾಗುತ್ತದೆ. ಸಾಲಿನ ಅಂತರ ಮೂರು ಅಡಿಗಿಂತ ಕಡಿಮೆಯಿದ್ದರೆ ಹಾಸು ಎಳೆಯಲು ತೊಡಕಾಗುತ್ತದೆ. ಬಿತ್ತುವಾಗಲೇ ಅಗಲ ಸಾಲು ಹಿಡಿದವರಿಗೆ ಇಲ್ಲಿಯೂ ಲಾಭ.

ಜೋರಾಗಿ ಅಲುಗಾಡಿಸಿದರೆ ಹೂವು ಉದುರುವುದಿಲ್ಲವೇ ಎಂಬ ಸಂಶಯ ಬಹಳ ರೈತರಿಗಿದೆ. ಸಂಶಯ ಸಹಜವಾದುದು. ಆದರೆ ತೊಗರಿಯಲ್ಲಿ ಬಿಡುವ ಹೂಗಳ ಪೈಕಿ ಕಾಯಾಗುವುದು ಅತಿ ಸ್ವಲ್ಪ, ನೂರರಲ್ಲಿ ಎಂಭತ್ತಕ್ಕೂ ಮೇಲ್ಪಟ್ಟು ಹೂಗಳು ತಾವಾಗಿಯೇ ಉದುರುತ್ತವೆ. ಹಾಸಿನ ಮೇಲೆ ಬೀಳುವ ಹೂವುಗಳಲ್ಲಿ ಹೆಚ್ಚಿನವು ಹೇಗೂ ಬೀಳತಕ್ಕವು. ಮೆಲ್ಲಗೆ ಅಲುಗಾಡಿಸುವುದೇ ನಿಯಮ. ಗಿಡ ಮುರಿಯುವಂತೆ ಜಗ್ಗುವುದಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಸಾಲಿಗೆ ಮೂರು ಅಡಿ, ಗಿಡಕ್ಕೆ ಒಂದು ಅಡಿ ಅಂತರವಿದ್ದರೆ ಎಕರೆಗೆ ಸುಮಾರು 14,500 ಗಿಡಗಳು ನಿಲ್ಲುತ್ತವೆ. ಗಿಡಕ್ಕೆ ಐದು ಕೀಡಿಯಂತೆ ಎಕರೆಗೆ 72 ಸಾವಿರಕ್ಕೂ ಹೆಚ್ಚು ಕೀಡಿಗಳಾದವು. ನೂರಕ್ಕೆ 85 ಉದುರಿದರೆ ಗಿಡಕ್ಕೆ ಮುಕ್ಕಾಲು ಕೀಡಿ ಉಳಿಯುತ್ತದೆ, ಅಂದರೆ ಅಪಾಯದ ಮಟ್ಟಕ್ಕಿಂತ ಕೆಳಗೆ. ಗಿಡಕ್ಕೆ ಹತ್ತು ಕೀಡಿ ಬೀಳುವವರೆಗೆ ಕಾದರೆ ಝಾಡಿಸಿದ ಮೇಲೂ ಒಂದೂವರೆ ಉಳಿದು ಎರಡನೆಯ ಸಲ ಝಾಡಿಸಬೇಕಾಗುತ್ತದೆ. ತಡಮಾಡಿದರೆ ಕೂಲಿ ಇಮ್ಮಡಿಯಾಗುತ್ತದೆಂಬುದು ಇದರಿಂದ ತಿಳಿಯುತ್ತದೆ. ಮೊದಲನೆಯ ಸಲ ಮೊಗ್ಗಿನೊಳಗಿದ್ದು ತಪ್ಪಿಸಿಕೊಂಡ ಮರಿಗಳು ಬೆಳೆದು ಹೊರಬರುವುದರಿಂದ ಏಳೆಂಟು ದಿನಗಳ ನಂತರ ಇನ್ನೊಮ್ಮೆ ನೋಡುವುದು ಹೇಗೂ ಅವಶ್ಯಕ.

ಕೂಡಿಸಿದ ಕೀಡಿಗಳನ್ನು ಬದುವಿಗೆ ಸುರಿದು ಬರಬಾರದು, ಅವು ತಿರುಗಿ ಹೊಲ ಸೇರುತ್ತವೆ. ಕೋಳಿಗಳಿಗೆ ಹಾಕಬಹುದು, ಇಲ್ಲವೆ ಸಾಬೂನು ಬೆರೆಸಿದ ನೀರಿನಲ್ಲಿ ಮುಳುಗಿಸಿ ಕೊಲ್ಲಬಹುದು. ಇದಕ್ಕಿಂತ ಉತ್ತಮ ಉಪಯೋಗ ಇನ್ನೊಂದಿದೆ. ಈ ಕೀಡಿಗೆ ಮಾತ್ರ ತಗಲುವ ಒಂದು ನಂಜುರೋಗವಿದೆ. ಎನ್.ಪಿ.ವಿ. ಎಂದು ಅದನ್ನು ಕರೆಯುತ್ತಾರೆ. ರೋಗ ತಗುಲಿದ ಕೀಡಿ ಗಿಡದ ತುದಿಗೆ ಹತ್ತಿ, ತಲೆ ಕೆಳಗಾಗಿ ಜೋತುಬಿದ್ದು ಸಾಯುತ್ತದೆ. ಝಾಡಿಸಿ ತಂದ ಕೀಡಿಗಳಿಗೆ ನಂಜು ಸವರಿದ ಕಡಲೆ ಕಾಳು ತಿನ್ನಿಸಿ, ಸತ್ತ ಮೇಲೆ ಅರೆದು ಸೋಸಿದರೆ ಸಿಂಪಡಿಸುವ ದ್ರಾವಣ ಸಿದ್ಧವಾಗುತ್ತದೆ. ಹೆಕ್ಟೇರಿಗೆ 250 ರೋಗಿ ಕೀಡಿಗಳ ಸಾರ ಸಾಕು. ಬಿಸಿಲಿಗೆ ಈ ನಂಜು ಬೇಗ ಕೆಡುವುದರಿಂದ ಸಂಜೆಯ ಹೊತ್ತು, ಸ್ವಲ್ಪ ಬೆಲ್ಲ ಬೆರೆಸಿ ಸಿಂಪಡಿಸತಕ್ಕದ್ದು. ಮನುಷ್ಯರಿಗೆ, ದನಕರುಗಳಿಗೆ, ಜೇನ್ನೊಣಗಳಿಗೆ ಇದರಿಂದ ಬಾಧೆಯಿಲ್ಲ. ಮೊದಲ ಸಲ ತಯಾರಿಸುವವರು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ನೋಡಿ ಕಲಿತು ಮಾಡುವುದು ಒಳ್ಳೆಯದು.

ಎಲ್ಲಿ ಸಾಲದು

ತೊಗರಿಗೆ ಬೀಳುವ ಎಲ್ಲ ಪೀಡೆಗಳೂ ಝಾಡಿಸಿದರೆ ಹೋಗುವುದಿಲ್ಲ. ಮೊಗ್ಗು ಎಲೆಗಳನ್ನು ನೂಲಿನಿಂದ ಹೆಣೆದು ಗೂಡು ಮಾಡಿಕೊಳ್ಳುವ ಮರುಕ ಎಂಬ ಹುಳು ಅಲುಗಾಟಕ್ಕೆ ಜಗ್ಗದು. ಆ ಗೂಡುಗಳನ್ನು ಕೈಯಿಂದಲೇ ಕಿತ್ತು ತೆಗೆಯಬೇಕು. ಕಾಯಿ ನೊಣದ ಹುಳುವಂತೂ ಕಾಯಿಯ ಒಳಗೇ ಹುಟ್ಟಿ ಒಳಗೇ ಬೆಳೆಯುತ್ತದೆ, ಹೊರಗಿನಿಂದ ಗುರುತೇ ಸಿಗದು. ಯಾವ ಹುಳು ಬಿದ್ದಿದೆ ಎಂಬುದನ್ನು ತಿಳಿಯದೆ ಝಾಡಿಸಿ, ಪದ್ಧತಿ ಸುಳ್ಳೆನ್ನುವುದು ತರವಲ್ಲ.

ಎರಡನೆಯ ಅಡಚಣೆ ಕೂಲಿಯದು. ಈ ಕೆಲಸವನ್ನು ಹೆಚ್ಚಾಗಿ ಮಾಡುತ್ತ ಬಂದವರು ಹೆಣ್ಣುಮಕ್ಕಳು. ಕೀಡಿ ಬೀಳುವ ದಿನಗಳಲ್ಲಿಯೇ ಊರಿನ ಎಲ್ಲ ಹೊಲಗಳಿಗೂ ಆಳು ಬೇಕಾಗುತ್ತದೆ. ಅಲ್ಲದೆ ಪತಂಗ ಒಂದೇ ರಾತ್ರಿಯಲ್ಲಿ ಬಹು ದೂರ ಹಾರಬಲ್ಲದು, ನಿಮ್ಮ ಹೊಲ ಸ್ವಚ್ಛವಾಗಿದ್ದು ಪಕ್ಕದವರ ಹೊಲದಲ್ಲಿ ಕೀಡಿ ಬಲಿತರೆ ಮುಂದಿನ ತಂಡ ನಿಮ್ಮ ಕಡಲೆಗೇ ಬರುತ್ತದೆ. ಹಿಂದೆ ಮುಯ್ಯಾಳಿನ ಲೆಕ್ಕದಲ್ಲಿ ಇಂದು ನಿಮ್ಮ ಹೊಲ, ನಾಳೆ ನಮ್ಮ ಹೊಲವೆಂದು ಓಣಿಯವರೆಲ್ಲ ಕೂಡಿ ಮುಗಿಸುತ್ತಿದ್ದರು. ಝಾಡಿಸುವ ಪದ್ಧತಿಯ ಅರ್ಧ ಶಕ್ತಿ ಈ ಕೂಡಿ ಮಾಡುವುದರಲ್ಲಿಯೇ ಇತ್ತೆಂಬುದು ನಮ್ಮ ಅಭಿಪ್ರಾಯ. ಇಂದು ಸ್ತ್ರೀಶಕ್ತಿ ಸಂಘಗಳು ಮತ್ತು ರೈತ ಗುಂಪುಗಳು ಈ ಕೆಲಸವನ್ನು ಗುತ್ತಿಗೆ ಹಿಡಿದು ಮಾಡುವುದಾದರೆ ಹೊಲದವರಿಗೂ ಅವರಿಗೂ ಅನುಕೂಲ.

ಚರಗ ಮತ್ತು ಹಕ್ಕಿಗಳು

ಸೀಗಿ ಹುಣ್ಣಿಮೆಗೆ ಮತ್ತು ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಪೂಜೆ ಮಾಡಿ, ಕಡುಬು, ಭಜ್ಜಿ ಪಲ್ಯ, ಸಜ್ಜೆ ರೊಟ್ಟಿಗಳ ಚರಗವನ್ನು ಬೆಳೆಯಲ್ಲಿ ಚೆಲ್ಲುವ ಪದ್ಧತಿ ನಮ್ಮಲ್ಲಿ ಮನೆಮನೆಯದು. ಮೊದಲನೆಯದು ತೊಗರಿ ಮೊಗ್ಗಿಗೆ ಬರುವ ಕಾಲ, ಎರಡನೆಯದು ಕಡಲೆ ಕಾಯಿ ಕಟ್ಟುವ ಕಾಲ. ಎರಡೂ ಕೀಡಿಯ ಕಾಲಗಳೇ. ಚರಗಕ್ಕೆ ಇಳಿಯುವ ಗೊರವಂಕ, ಕಾಜಾಣಗಳು ಅನ್ನದ ಜೊತೆ ಹುಳುವನ್ನೂ ಆರಿಸುತ್ತವೆ. ಆದರೆ ವರ್ಷಕ್ಕೆರಡು ದಿನ ಚೆಲ್ಲಿದ ಚರಗದಿಂದ ಕೀಡಿ ಹತೋಟಿಗೆ ಬರುತ್ತದೆಂದು ಹೇಳಲಾಗದು. ಹಕ್ಕಿಗೆ ದಾರಿ ತೋರಿಸುವುದಷ್ಟೇ ಅದರಿಂದಾಗುವ ಕೆಲಸ, ಅದನ್ನು ಮುಂದುವರಿಸುವುದು ನಮ್ಮ ಕೈಯಲ್ಲಿದೆ. ಇದಕ್ಕಾಗಿಯೇ ಕಡಲೆ ಹೊಲದಲ್ಲಿ ಕೀಡಿ ಕಂಡಾಗ ಬೆಳಗಿನ ಹೊತ್ತು ಚುರುಮುರಿ ಎರಚುವುದನ್ನು ಶಿಫಾರಸು ಮಾಡಲಾಗಿದೆ.

ಬಂದ ಹಕ್ಕಿ ಕುಳಿತುಕೊಳ್ಳಲು ಆಸರೆ ಬೇಕು. ತೊಗರಿಯಲ್ಲಿ, ಕಡಲೆಯಲ್ಲಿ ಅಲ್ಲಲ್ಲಿ ನಾಲ್ಕು ಕಾಳು ಜೋಳ ಹಾಕುತ್ತಿದ್ದ ಹಿರಿಯರಿಗೆ ಇದು ಗೊತ್ತಿತ್ತೋ, ಅಥವಾ ದನಕ್ಕೆ ಮೇವಾಗಲೆಂದು ಹಾಕುತ್ತಿದ್ದರೋ, ಫಲ ಮಾತ್ರ ಒಂದೇ. ಬೀಜದಲ್ಲಿ ಎಕರೆಗೆ ನೂರು ಗ್ರಾಂ ಜೋಳ ಬೆರೆಸಿ ಬಿತ್ತಿದರೆ ಹಕ್ಕಿಗಳಿಗೆ ಜೀವಂತ ಆಸರೆ ಸಿದ್ಧ. ಹಾಲುಗಾಳಿನ ಜೋಳದ ಹೊಲದಲ್ಲಿ ಮಾತ್ರ ಗಿಳಿ ಗುಬ್ಬಿಗಳಿಗೆ ಈ ಆತಿಥ್ಯ ಸಲ್ಲದು, ಅಲ್ಲಿ ಕವಣೆಯೇ ಸರಿ!

ಕಡಲೆ ಸೊಪ್ಪಿನ ಮಾತು

ಕಡಲೆ ಬಿತ್ತಿ ತಿಂಗಳಾದ ಮೇಲೆ ಹೆಣ್ಣುಮಕ್ಕಳು ಪಲ್ಯಕ್ಕೆಂದು ಕುಡಿ ಚಿವುಟಿ ತರುವುದುಂಟು. ಬೆಳೆ ಹಾಳಾಗುತ್ತದೆಂದು ಗದರಿಸುವ ಹೊಲದೊಡೆಯರೂ ಇದ್ದಾರೆ. ಗದರಿಸಬೇಡಿರಿ. ಬಿತ್ತಿದ 30-35 ದಿನಗಳಿಗೆ ಕುಡಿ ಚಿವುಟಿದರೆ ಪಕ್ಕದ ಟೊಂಗೆಗಳು ಒಡೆದು ಹೂವು ಕಾಯಿ ಹೆಚ್ಚುತ್ತವೆ. ಹೂವಾಡಲು ಪ್ರಾರಂಭವಾದ ಮೇಲೆ ಮಾತ್ರ ಚಿವುಟಬಾರದು. ಇದೇ ತತ್ವದ ಮೇಲೆ ಈಗ ತೊಗರಿಗೂ ಸುಮಾರು 45-50 ದಿನಗಳಲ್ಲಿ ಕುಡಿ ಚಿವುಟುತ್ತಿದ್ದಾರೆ, ಅದಕ್ಕೆ ಯಂತ್ರವೂ ಬಂದಿದೆ.

ನೆಟೆರೋಗ: ಬಿಟ್ಟ ಪದ್ಧತಿಯ ಬೆಲೆ

ಕೀಡಿಗಿಂತ ಹೆಚ್ಚು ಚಿಂತೆಗೆ ಕಾರಣವಾಗಬೇಕಾದ ವಿಷಯ ಇದು. 2022-23ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ತೊಗರಿ ನೆಟೆರೋಗದಿಂದ ನಿಂತಲ್ಲೇ ಒಣಗಿ, ಸರಕಾರ ಪರಿಹಾರ ಘೋಷಿಸಬೇಕಾಯಿತು. 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕಲಬುರಗಿ ತೊಗರಿ ಬೇಳೆಯ ಬೆಳೆಗೇ ಈ ಗತಿ ಬಂದಿತು. ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲಿ, ತೊಗರಿಯ ಬೇರು ಕೂಳೆಗಳಲ್ಲಿ ಮೂರು ವರ್ಷಗಳವರೆಗೆ ಬದುಕಿರಬಲ್ಲದು. ಅದೇ ಹೊಲಕ್ಕೆ ವರ್ಷ ವರ್ಷವೂ ತೊಗರಿಯೊಂದನ್ನೇ ಹಾಕಿದರೆ ರೋಗಕ್ಕೆ ನಾವೇ ಉಣಿಸಿದಂತೆ.

ಹಿರಿಯರ ಹೊಲದಲ್ಲಿ ತೊಗರಿ ಒಂಟಿಯಾಗಿ ನಿಲ್ಲುತ್ತಿರಲಿಲ್ಲ. ಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು, ಮರುವರ್ಷ ಆ ಹೊಲಕ್ಕೆ ಹಿಂಗಾರಿ ಬಿಳಿ ಜೋಳ, ಅದರ ಅಂಚಿಗೆ ಕುಸುಬೆ ಹೀಗೆ ಬೆಳೆ ತಿರುಗುತ್ತಿತ್ತು. ಜೋಳದೊಡನೆ ಬೆಳೆದ ತೊಗರಿಗೆ, ಹಾಗೂ ಜೋಳದ ಹೊಲಕ್ಕೆ ಹಾಕಿದ ತೊಗರಿಗೆ ಸೊರಗು ರೋಗ ಕಡಿಮೆಯೆಂಬುದು ಪ್ರಯೋಗಗಳಿಂದಲೂ ದೃಢಪಟ್ಟಿದೆ. ಬೆಲೆಯ ಆಸೆಗೆ ಜೋಳ ಬಿಟ್ಟೆವು. ಜೋಳದ ಜೊತೆಗೆ ಮೇವೂ ಹೋಯಿತು, ಮೇವಿನ ಜೊತೆಗೆ ದನವೂ ತಿಪ್ಪೆ ಗೊಬ್ಬರವೂ ಹೋದವು. ರೋಗ ನಿರೋಧಕ ತಳಿ ಅವಶ್ಯಕವೇ. 1980ರ ದಶಕದ ಮಧ್ಯದಲ್ಲಿ ಕರ್ನಾಟಕಕ್ಕೆ ಬಿಡುಗಡೆಯಾದ ಮಾರುತಿ ತಳಿಯಿಂದ ಬಹಳ ಹೊಲಗಳು ಉಳಿದವು. ಆ ತಳಿಯಾದರೂ ರೈತರ ನಾಟಿ ತೊಗರಿಯಿಂದಲೇ ಆರಿಸಿ ತೆಗೆದುದು. ಆದರೆ ಬೆಳೆ ಪರಿವರ್ತನೆ ಇಲ್ಲದ ಹೊಲದಲ್ಲಿ ಯಾವ ತಳಿಯೂ ಬಹುಕಾಲ ನಿಲ್ಲಲಾರದು. ರೋಗ ಬಿದ್ದ ಹೊಲಕ್ಕೆ ಮೂರು ವರ್ಷ ತೊಗರಿ ಹಾಕದೆ ಜೋಳ, ಸಜ್ಜೆ, ಕುಸುಬೆಗಳನ್ನು ಬೆಳೆಯುವುದು, ಅನಂತರ ಬಿತ್ತುವಾಗ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮ ಲೇಪಿಸುವುದು ಸೂಕ್ತ.

ಬೂದಿಯ ಕೆಲಸ

ಹಳೆಯದೆಲ್ಲವೂ ಎಲ್ಲದಕ್ಕೂ ಮದ್ದಲ್ಲ. ಬೀಜಕ್ಕೆ ಬೂದಿ ಬೆರೆಸಿದರೆ ನೆಟೆರೋಗ ಬಾರದೆಂದು ನಂಬುವವರಿದ್ದರೆ ಅದಕ್ಕೆ ಆಧಾರವಿಲ್ಲ, ರೋಗ ಇರುವುದು ಮಣ್ಣಿನಲ್ಲಿ. ಆದರೆ ಬಿತ್ತನೆಗೆಂದು ಇಟ್ಟ ಕಾಳಿಗೆ ಬೂದಿ ಒಳ್ಳೆಯ ರಕ್ಷಣೆಯೇ ಸರಿ. ನುಣುಪಾದ ಒಣ ಬೂದಿ ಕಾಳಿನ ನಡುವಿನ ಸಂದುಗಳನ್ನು ತುಂಬಿ ದುಂಬಿಗೆ ಓಡಾಡಲು ಎಡೆಯಿಲ್ಲದಂತೆ ಮಾಡುತ್ತದೆ, ಅದರ ಮೈಯ ಮೇಲಿನ ಮೇಣದ ಪದರನ್ನು ತಿಕ್ಕಿ ತೆಗೆದು ಒಣಗಿಸಿ ಕೊಲ್ಲುತ್ತದೆ. ಮೇಲೆ ಎರಡು ಹಿಡಿ ಎರಚಿದರೆ ಸಾಲದು, ಕಾಳಿನೊಂದಿಗೆ ಚೆನ್ನಾಗಿ ಬೆರೆಸಿ ಕೊನೆಗೆ ಮೇಲೊಂದು ದಪ್ಪ ಪದರು ಹಾಕಬೇಕು. ಈ ದುಂಬಿ ಹೊಲದಲ್ಲಿ ಕಾಯಿಯ ಮೇಲೆಯೇ ಮೊಟ್ಟೆಯಿಟ್ಟು ಕಾಳಿನೊಡನೆ ಮನೆಗೆ ಬರುವುದರಿಂದ, ಹಲ್ಲಿಗೆ ಹಾಕಿದರೆ ಕಟಕ್ಕೆನ್ನುವವರೆಗೆ ಬಿಸಿಲಿನಲ್ಲಿ ಒಣಗಿಸಿ, ಆರಿದ ಮೇಲೆಯೇ ಬೂದಿ ಬೆರೆಸಿ ತುಂಬಿಡತಕ್ಕದ್ದು. ಅಡುಗೆಗೆ ಇಟ್ಟ ಕಾಳಾದರೆ ಬೂದಿಯ ಬದಲು ಕಿಲೋಗೆ 5 ಮಿ.ಲೀ. ಅಡುಗೆ ಎಣ್ಣೆಯನ್ನು ಸವರಿದರೂ ಆಗುತ್ತದೆ.